ಪ್ರತಿಜೀವಕ ನಿರೋಧ ಜೀನುಗಳು: ದುರ್ಬಲ ರೋಗಿಗಳಲ್ಲಿ ಅವುಗಳ ಹರಡುವಿಕೆ

ಪ್ರತಿಜೀವಕ ಔಷಧದ ಏಟಿನಿಂದ ಬ್ಯಾಕ್ಟೀರಿಯವನ್ನು ಕಾಯುವ ಕಿಣ್ವವನ್ನೋ, ಔಷಧವನ್ನು ಕೋಶದಿಂದ ಹೊರದೂಡುವ ಪಂಪನ್ನೋ ತಯಾರಿಸುವ ಡಿಎನ್‌ಎ ಭಾಗಕ್ಕೆ ನಿರೋಧ ಜೀನು ಎಂದು ಹೆಸರು. ಔಷಧ ಹೋಗಿ ತಗಲುವ ಜಾಗವನ್ನೇ ಬದಲಾಯಿಸುವ ಜೀನುಗಳೂ ಈ ಗುಂಪಿಗೆ ಸೇರುತ್ತವೆ. ಇವು ತಾಯಿಕೋಶದಿಂದ ಮರಿಕೋಶಕ್ಕೆ ಇಳಿಯುತ್ತವೆ. ಪಕ್ಕದಲ್ಲಿರುವ, ಜಾತಿಯೇ ಬೇರೆಯಾದ ಬ್ಯಾಕ್ಟೀರಿಯಕ್ಕೂ ದಾಟುತ್ತವೆ. ಈ ಎರಡನೆಯ ಗುಣದಿಂದಾಗಿ ಸೋಂಕಿನ ಹಳೆಯ ಲೆಕ್ಕ ಇಲ್ಲಿ ಸಾಲದಾಗಿದೆ. ರೋಗಿಯ ರಕ್ತದಲ್ಲಿದ್ದ ರೋಗಾಣು ಸತ್ತು ಜ್ವರ ಇಳಿದರೂ ಅದು ಹೊತ್ತು ತಂದ ಜೀನು ಕರುಳಿನ ನಿರಪಾಯಕಾರಿ ಬ್ಯಾಕ್ಟೀರಿಯ ಒಂದರಲ್ಲಿ ಉಳಿದು, ಆಸ್ಪತ್ರೆ ಬಿಟ್ಟು ಊರಿಗೆ ಬರಬಹುದು.

ವಿಜಯನಗರ ಜಿಲ್ಲೆ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ತಂಬ್ರಹಳ್ಳಿಯಂಥ ಹೋಬಳಿ ಊರಿನಿಂದ ನೋಡಿದರೆ ಇದು ದೂರದ ಮಹಾನಗರದ ಸಮಸ್ಯೆಯಂತೆ ಕಾಣುತ್ತದೆ. ಆದರೆ ತಿಂಗಳು ತುಂಬದೆ ಹುಟ್ಟಿದ ಕೂಸು, ಕಾಲಿನ ಹುಣ್ಣು ಮಾಗದ ಸಕ್ಕರೆ ಕಾಯಿಲೆಯವರು, ಡಯಾಲಿಸಿಸ್‌ಗೆ ಓಡಾಡುವವರು ಮೊದಲು ತಾಲ್ಲೂಕು ಆಸ್ಪತ್ರೆಗೆ, ಅಲ್ಲಿಂದ ಹೊಸಪೇಟೆಗೆ, ಅಲ್ಲಿಯೂ ಆಗದಿದ್ದರೆ ಬಳ್ಳಾರಿ, ದಾವಣಗೆರೆ ಅಥವಾ ಹುಬ್ಬಳ್ಳಿಗೆ ಹೋಗುತ್ತಾರೆ. ವಾರಗಟ್ಟಲೆ ಇದ್ದು ಅದೇ ದಾರಿಯಲ್ಲಿ ಮರಳುತ್ತಾರೆ. ನಿರೋಧ ಜೀನುಗಳಿಗೂ ಇದೇ ದಾರಿ.

ಜೀನು ದಾಟುವ ಬಗೆ

ಬ್ಯಾಕ್ಟೀರಿಯಗಳ ನಡುವೆ ಆನುವಂಶಿಕ ವಸ್ತು ಸಾಗುವ ಮೂರು ದಾರಿಗಳೂ ಪ್ರತಿಜೀವಕಗಳ ಮೊದಲ ದಶಕಗಳಲ್ಲೇ ಬೆಳಕಿಗೆ ಬಂದವು. ಅಲೆಕ್ಸಾಂಡರ್ ಫ್ಲೆಮಿಂಗ್ ಪೆನಿಸಿಲಿನ್ ಕಂಡ 1928ರಲ್ಲೇ ಫ್ರೆಡರಿಕ್ ಗ್ರಿಫಿತ್, ಸತ್ತ ನ್ಯುಮೊಕಾಕಸ್‌ನ ಗುಣವನ್ನು ಜೀವಂತ ನ್ಯುಮೊಕಾಕಸ್ ಪಡೆದುಕೊಳ್ಳುವುದನ್ನು ಇಲಿಗಳಲ್ಲಿ ತೋರಿಸಿದ. ಸುತ್ತ ಬಿದ್ದಿರುವ ಡಿಎನ್‌ಎಯನ್ನು ಒಳಗೆ ಎಳೆದುಕೊಳ್ಳುವ ಈ ಕ್ರಿಯೆ ರೂಪಾಂತರಣ. 1946ರಲ್ಲಿ ಜೋಶುವಾ ಲೆಡರ್‌ಬರ್ಗ್ ಮತ್ತು ಎಡ್ವರ್ಡ್ ಟೇಟಮ್ ಎರಡು ಇ. ಕೊಲೈ ಕೋಶಗಳು ಒಂದಕ್ಕೊಂದು ತಗುಲಿಕೊಂಡು ಡಿಎನ್‌ಎ ದಾಟಿಸುವ ಸಂಯುಗ್ಮನವನ್ನು ಕಂಡರು. 1952ರಲ್ಲಿ ನಾರ್ಟನ್ ಜಿಂಡರ್ ಮತ್ತು ಲೆಡರ್‌ಬರ್ಗ್, ಬ್ಯಾಕ್ಟೀರಿಯಕ್ಕೆ ತಗಲುವ ವೈರಸ್ಸುಗಳು ಜೀನನ್ನು ಹೊತ್ತೊಯ್ಯುವುದನ್ನು ಸಾಲ್ಮೊನೆಲ್ಲಾದಲ್ಲಿ ಗುರುತಿಸಿದರು.

ಆಸ್ಪತ್ರೆಯ ಮಟ್ಟಿಗೆ ಸಂಯುಗ್ಮನವೇ ಮುಖ್ಯ. ಇದರಲ್ಲಿ ಸಾಗುವುದು ಬಹುಮಟ್ಟಿಗೆ ಪ್ಲಾಸ್ಮಿಡ್. ಬ್ಯಾಕ್ಟೀರಿಯದ ಮುಖ್ಯ ವರ್ಣತಂತುವಿಗೆ ಸೇರದೆ ಪ್ರತ್ಯೇಕವಾಗಿ ನಕಲಾಗುವ ಡಿಎನ್‌ಎ ಬಳೆ ಇದು. ಒಂದು ಪ್ಲಾಸ್ಮಿಡ್ಡಿನಲ್ಲಿ ಐದಾರು ನಿರೋಧ ಜೀನುಗಳು ಒಂದೇ ಗೊಂಚಲಿನ ಬೀಗದ ಕೈಗಳಂತೆ ಜೊತೆಗಿರುತ್ತವೆ. ಹೀಗಾಗಿ ಯಾವುದೋ ಒಂದು ಔಷಧ ಕೊಟ್ಟರೂ ಉಳಿದವಕ್ಕೂ ಜಗ್ಗದ ಬ್ಯಾಕ್ಟೀರಿಯವೇ ಹುಲುಸಾಗುತ್ತದೆ. ಕೆಲವು ಪ್ಲಾಸ್ಮಿಡ್‌ಗಳು ವಿಷವನ್ನೂ ಅದಕ್ಕೆ ಪ್ರತಿವಿಷವನ್ನೂ ಒಟ್ಟಿಗೆ ತಯಾರಿಸುತ್ತವೆ. ಪ್ಲಾಸ್ಮಿಡ್ ಕಳೆದುಕೊಂಡ ಮರಿಕೋಶದಲ್ಲಿ ಪ್ರತಿವಿಷ ಬೇಗ ಕರಗಿ ವಿಷ ಉಳಿಯುವುದರಿಂದ ಕೋಶ ಸಾಯುತ್ತದೆ. ಔಷಧ ನಿಲ್ಲಿಸಿದ ಮೇಲೂ ಜೀನು ಬೇಗ ಮಾಯವಾಗದಿರಲು ಇದೊಂದು ಕಾರಣ. ಇನ್ನು ಪ್ಲಾಸ್ಮಿಡ್ಡಿನಿಂದ ಪ್ಲಾಸ್ಮಿಡ್ಡಿಗೆ ಜಿಗಿಯುವ ಟ್ರಾನ್ಸ್‌ಪೊಸಾನ್‌ಗಳು, ಜೀನುಗಳನ್ನು ಸಾಲಾಗಿ ಜೋಡಿಸಿಕೊಳ್ಳುವ ಇಂಟೆಗ್ರಾನ್‌ಗಳು ಬೇರೆ.

ಕ್ಷಯವನ್ನು ಈ ಕಥೆಯೊಳಗೆ ಸೇರಿಸುವ ರೂಢಿಯಿದೆ, ಸೇರಿಸಬಾರದು. ಕ್ಷಯದ ಬ್ಯಾಕ್ಟೀರಿಯ ತನ್ನದೇ ವರ್ಣತಂತುವಿನ ಬದಲಾವಣೆಗಳಿಂದ ಔಷಧ ನಿರೋಧ ಪಡೆಯುತ್ತದೆಯೇ ಹೊರತು ಪಕ್ಕದ ಬ್ಯಾಕ್ಟೀರಿಯದಿಂದ ಪ್ಲಾಸ್ಮಿಡ್ ಪಡೆದು ಅಲ್ಲ. ಗುಳಿಗೆಯ ಕೋರ್ಸು ಪೂರ್ತಿ ಮುಗಿಸಿ ಎಂಬ ಬುದ್ಧಿಮಾತು ಅಲ್ಲಿ ಕಟ್ಟುನಿಟ್ಟಾಗಿ ಸಲ್ಲುತ್ತದೆ. ಆದರೆ ಕರುಳಿನ ಬ್ಯಾಕ್ಟೀರಿಯಗಳ ವಿಚಾರದಲ್ಲಿ ಔಷಧದ ದಿನ ಹೆಚ್ಚಾದಷ್ಟೂ ನಿರೋಧಕಗಳೇ ಉಳಿಯುವ ಒತ್ತಡ ಹೆಚ್ಚು. ಹಲವು ಸಾಮಾನ್ಯ ಸೋಂಕುಗಳಿಗೆ ಚಿಕ್ಕ ಕೋರ್ಸೇ ಸಾಕೆಂಬ ವಾದವನ್ನು ಮಾರ್ಟಿನ್ ಲೆವೆಲಿನ್ ಮತ್ತು ಸಂಗಡಿಗರು 2017ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಮುಂದಿಟ್ಟರು. ಯಾವುದು ಚಿಕ್ಕದು ಎಂದು ವೈದ್ಯರು ಹೇಳಬೇಕು, ರೋಗಿಯಲ್ಲ ಎಂಬುದು ಬೇರೆ ಮಾತು.

ಜಪಾನ್, ಕೋಳಿಕೋಡು

ಜೀನು ಜಾತಿ ದಾಟುತ್ತದೆ ಎಂಬುದು ವೈದ್ಯರ ಕಣ್ಣಿಗೆ ಬಿದ್ದದ್ದು ಎರಡನೆಯ ಮಹಾಯುದ್ಧದ ನಂತರದ ಜಪಾನಿನಲ್ಲಿ. ಅಲ್ಲಿ 1950ರ ದಶಕದಲ್ಲಿ ರಕ್ತಭೇದಿಯ ಶಿಗೆಲ್ಲಾ ಒಂದೇ ಸಲಕ್ಕೆ ನಾಲ್ಕು ಔಷಧಗಳಿಗೆ ಬಗ್ಗದಾಯಿತು: ಸಲ್ಫಾ, ಸ್ಟ್ರೆಪ್ಟೊಮೈಸಿನ್, ಕ್ಲೋರಾಂಫೆನಿಕಾಲ್, ಟೆಟ್ರಾಸೈಕ್ಲಿನ್. ಒಂದೊಂದಾಗಿ ನಾಲ್ಕು ಬದಲಾವಣೆ ಒಂದೇ ಕೋಶದಲ್ಲಿ ಆಗುವ ಸಂಭವ ತೀರಾ ಕಡಿಮೆ. ಅದೇ ರೋಗಿಗಳ ಮಲದಲ್ಲಿದ್ದ ಇ. ಕೊಲೈಗೂ ಅದೇ ನಾಲ್ಕು ನಿರೋಧಗಳಿದ್ದವು. ಅಕಿಬಾ, ಒಚಿಯಾಯಿ ಮೊದಲಾದವರು 1959ರ ಹೊತ್ತಿಗೆ ಈ ಗುಣ ಇ. ಕೊಲೈನಿಂದ ಶಿಗೆಲ್ಲಾಗೆ ಇಡಿಯಾಗಿ ದಾಟುತ್ತದೆ ಎಂದು ತೋರಿಸಿದರು. ಸುತೊಮು ವಟನಾಬೆ 1963ರಲ್ಲಿ ಬರೆದ ಸಮೀಕ್ಷೆಯಿಂದ ಪಶ್ಚಿಮದ ವಿಜ್ಞಾನಿಗಳಿಗೆ ಈ ಸುದ್ದಿ ತಲುಪಿತು.

ನಮ್ಮ ನೆರೆಯಲ್ಲೇ ನಡೆದ ಮುಖ್ಯ ಪ್ರಕರಣ ಕೋಳಿಕೋಡಿನದು. 1972ರಲ್ಲಿ ಅಲ್ಲಿ ಕ್ಲೋರಾಂಫೆನಿಕಾಲ್‌ಗೆ ಜಗ್ಗದ ವಿಷಮಶೀತ ಜ್ವರ (ಟೈಫಾಯ್ಡ್) ಹಬ್ಬಿತು. ಆ ಕಾಲಕ್ಕೆ ಟೈಫಾಯ್ಡ್‌ಗೆ ಅದೇ ಮದ್ದು. ಸಿ.ಕೆ.ಜೆ. ಪಣಿಕ್ಕರ್ ಮತ್ತು ಕೆ.ಎನ್. ವಿಮಲಾ ಈ ನಿರೋಧ ಬೇರೆ ಬ್ಯಾಕ್ಟೀರಿಯಕ್ಕೆ ದಾಟುವಂಥದ್ದು ಎಂಬುದನ್ನು ಅದೇ ವರ್ಷ ನೇಚರ್ ಪತ್ರಿಕೆಯಲ್ಲಿ ವರದಿ ಮಾಡಿದರು. ನಾಲ್ಕು ದಶಕದ ಮೇಲೆ, 2016ರಿಂದ, ಪಾಕಿಸ್ತಾನದ ಸಿಂಧ್ ಪ್ರಾಂತ್ಯದಲ್ಲಿ ಇದೇ ಕಥೆ ಇನ್ನೂ ಬಿಗಿಯಾಗಿ ನಡೆಯಿತು. ಮೊದಲೇ ಹಲವು ಔಷಧಗಳಿಗೆ ಬಗ್ಗದಿದ್ದ ಟೈಫಾಯ್ಡ್ ಬ್ಯಾಕ್ಟೀರಿಯ, ಸಿಟಿಎಕ್ಸ್-ಎಂ-15 ಜೀನಿದ್ದ ಪ್ಲಾಸ್ಮಿಡ್ ಒಂದನ್ನು ಪಡೆದು ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ನನ್ನೂ ನಿಷ್ಪ್ರಯೋಜಕ ಮಾಡಿತು. ಆ ಪ್ಲಾಸ್ಮಿಡ್ ಇ. ಕೊಲೈಗಳಲ್ಲಿ ಕಾಣುವ ಬಗೆಯದು.

ದುರ್ಬಲ ರೋಗಿಯ ದೇಹದಲ್ಲಿ ಆಗುವುದು

ಆರೋಗ್ಯವಂತರ ದೊಡ್ಡ ಕರುಳಿನಲ್ಲಿ ಆಮ್ಲಜನಕ ಬೇಡದ ಬ್ಯಾಕ್ಟೀರಿಯಗಳದೇ ಮೇಲುಗೈ. ಇ. ಕೊಲೈ, ಕ್ಲೆಬ್ಸಿಯೆಲ್ಲಾದ ಬಳಗ ಅಲ್ಲಿ ಅಲ್ಪಸಂಖ್ಯಾತ. ತೀವ್ರ ನಿಗಾ ಘಟಕದಲ್ಲಿ ಎರಡು ಮೂರು ಪ್ರತಿಜೀವಕ ಒಟ್ಟಿಗೆ ಇಳಿಯುತ್ತಿರುವ ರೋಗಿಯಲ್ಲಿ ಈ ಲೆಕ್ಕ ತಲೆಕೆಳಗಾಗುತ್ತದೆ. ಮೊದಲಿನವು ಅಳಿಯುತ್ತವೆ, ಎರಡನೆಯ ಬಳಗ ನೂರಾರು ಪಟ್ಟು ಏರುತ್ತದೆ. ಪ್ಲಾಸ್ಮಿಡ್ ದಾಟಬೇಕಾದರೆ ಕೋಶಗಳು ಒಂದಕ್ಕೊಂದು ತಾಗಬೇಕು. ದಟ್ಟಣೆ ಏರಿದಷ್ಟೂ ತಾಗುವುದು ಹೆಚ್ಚು. ಕರುಳಿನ ಉರಿಯೂತವೂ ಇದಕ್ಕೆ ನೆರವಾಗುತ್ತದೆ. ಸಾಲ್ಮೊನೆಲ್ಲಾದಿಂದ ಕರುಳು ಊದಿಕೊಂಡ ಇಲಿಗಳಲ್ಲಿ ಎರಡು ಬ್ಯಾಕ್ಟೀರಿಯಗಳ ನಡುವೆ ಪ್ಲಾಸ್ಮಿಡ್ ದಾಟುವಿಕೆ ವಿಪರೀತ ಏರಿದ್ದನ್ನು ಬಾರ್ಬೆಲ್ ಸ್ಟೆಚರ್ ತಂಡ 2012ರಲ್ಲಿ ತೋರಿಸಿತು.

ದುರ್ಬಲ ಎಂಬುದರ ವ್ಯಾಪ್ತಿ ದೊಡ್ಡದು. ಅವಧಿಗೆ ಮುನ್ನ ಹುಟ್ಟಿದ ಶಿಶುಗಳು, ಸುಟ್ಟಗಾಯದವರು, ಕೀಮೊಥೆರಪಿಯಿಂದ ಬಿಳಿ ರಕ್ತಕಣ ಕುಸಿದವರು, ಅಂಗಾಂಗ ಕಸಿ ಆದವರು, ವೆಂಟಿಲೇಟರ್ ಮೇಲಿರುವವರು, ಮೂತ್ರದ ನಳಿಕೆ ಹಾಕಿಸಿಕೊಂಡ ವೃದ್ಧರು ಎಲ್ಲರೂ ಇದರಲ್ಲಿ ಬರುತ್ತಾರೆ. ದೇಹದೊಳಗಿಟ್ಟ ಪ್ಲಾಸ್ಟಿಕ್ ನಳಿಕೆಗಳ ಮೇಲೆ ಬ್ಯಾಕ್ಟೀರಿಯಗಳು ಲೋಳೆಯ ಪದರ ಕಟ್ಟಿಕೊಂಡು ಒತ್ತಾಗಿ ಬದುಕುತ್ತವೆ. ಅಲ್ಲಿಗೆ ಔಷಧ ಸರಿಯಾಗಿ ಇಳಿಯದು, ಜೀನು ಮಾತ್ರ ಸುಲಭವಾಗಿ ದಾಟುತ್ತದೆ.

ಒಬ್ಬನೇ ರೋಗಿಯ ದೇಹದಲ್ಲಿ ಜೀನು ಜಾತಿ ದಾಟಿದ್ದಕ್ಕೆ ಅತ್ಯಂತ ಸ್ಪಷ್ಟವಾದ ಸಾಕ್ಷ್ಯ 2002ರ ಜೂನ್‌ನಲ್ಲಿ ಅಮೆರಿಕದ ಮಿಷಿಗನ್‌ನಿಂದ ಬಂತು. ಸಕ್ಕರೆ ಕಾಯಿಲೆಯಿದ್ದು ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದ, ಕಾಲಿನ ಹುಣ್ಣು ಮಾಗದ ರೋಗಿ. ಅವರ ದೇಹದಲ್ಲಿ ವ್ಯಾಂಕೊಮೈಸಿನ್‌ಗೆ ಜಗ್ಗದ ಎಂಟರೊಕಾಕಸ್ ಇತ್ತು. ಮೆಥಿಸಿಲಿನ್‌ಗೆ ಜಗ್ಗದ ಸ್ಟೆಫಿಲೊಕಾಕಸ್ ಆರಿಯಸ್ ಕೂಡ ಇತ್ತು. ಮೊದಲನೆಯದರ ವ್ಯಾನ್‌ಎ ಜೀನು ಟ್ರಾನ್ಸ್‌ಪೊಸಾನ್ ಒಂದರ ಬೆನ್ನೇರಿ ಎರಡನೆಯದರ ಪ್ಲಾಸ್ಮಿಡ್ ಸೇರಿತ್ತು. ಈ ರೋಗಿಯ ವರ್ಣನೆ ಓದಿದರೆ ನಮ್ಮ ಯಾವುದೇ ಜಿಲ್ಲಾಸ್ಪತ್ರೆಯ ಡಯಾಲಿಸಿಸ್ ಕೊಠಡಿಯಲ್ಲಿ ಕುಳಿತವರ ವರ್ಣನೆಯಂತಿದೆ.

ಜೀನು ಸಂಕೇತವನ್ನು ಪೂರ್ತಿ ಓದುವ ತಂತ್ರ ಅಗ್ಗವಾದ ಮೇಲೆ ಇಂಥ ದಾಟುವಿಕೆ ಅಪರೂಪದ್ದಲ್ಲ ಎಂಬುದು ಖಚಿತವಾಯಿತು. ಮ್ಯಾಡ್ರಿಡ್‌ನ ರಾಮೋನ್ ಇ ಕಹಾಲ್ ಆಸ್ಪತ್ರೆಯಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ರೋಗಿಗಳ ಮಾದರಿಗಳನ್ನು ಪರಿಶೀಲಿಸಿ 2021ರಲ್ಲಿ ಪ್ರಕಟವಾದ ಅಧ್ಯಯನ ಎರಡು ಸಂಗತಿ ತೋರಿಸಿತು. ಕಾರ್ಬಪೆನೆಮ್ ಎಂಬ ಪ್ರಬಲ ಔಷಧಗಳನ್ನು ಒಡೆಯುವ ಓಎಕ್ಸ್‌ಎ-48 ಜೀನಿನ ಪ್ಲಾಸ್ಮಿಡ್ ರೋಗಿಯಿಂದ ರೋಗಿಗೆ ಸಾಗುವುದು ಬಹುತೇಕ ಕ್ಲೆಬ್ಸಿಯೆಲ್ಲಾದ ಜೊತೆ; ಹೊಸ ಕರುಳು ಸೇರಿದ ಮೇಲೆ ಅದು ಅಲ್ಲಿನ ಇ. ಕೊಲೈ ಮೊದಲಾದ ನಿವಾಸಿಗಳಿಗೆ ಪದೇ ಪದೇ ದಾಟುತ್ತದೆ. ಅಂದರೆ ಕ್ಲೆಬ್ಸಿಯೆಲ್ಲಾವನ್ನು ಹುಡುಕಿ ಕೊಂದರೂ ಪ್ಲಾಸ್ಮಿಡ್ ಬೇರೆ ಮನೆ ಮಾಡಿಕೊಂಡಿರುತ್ತದೆ.

ಮನುಷ್ಯರಷ್ಟೇ ಕೊಂಡಿಯಲ್ಲ. ಅಸಿನೆಟೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯ ಒಣಗಿದ ಮಂಚದ ಕಂಬಿಯ ಮೇಲೂ ವಾರಗಟ್ಟಲೆ ಬದುಕುತ್ತದೆ. ಕೈತೊಳೆಯುವ ತೊಟ್ಟಿಯ ಕೊಳವೆಬಾಗು ಇನ್ನೊಂದು ನೆಲೆ. ಅಲ್ಲಿ ಬೆಳೆದ ಪದರ ದಿನಕ್ಕೆ ಸುಮಾರು ಒಂದು ಅಂಗುಲದಂತೆ ಮೇಲೇರಿ ಜಾಲರಿ ಮುಟ್ಟುತ್ತದೆ, ಆಮೇಲೆ ನಲ್ಲಿ ಬಿಟ್ಟಾಗ ಸಿಡಿಯುತ್ತದೆ ಎಂದು ವರ್ಜೀನಿಯಾ ವಿಶ್ವವಿದ್ಯಾಲಯದವರು 2017ರಲ್ಲಿ ಪ್ರಯೋಗದಿಂದ ಕಂಡುಕೊಂಡರು. 2011ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಆಸ್ಪತ್ರೆಯಲ್ಲೇ ಒಬ್ಬ ರೋಗಿಯಿಂದ ಆರಂಭವಾದ ಕ್ಲೆಬ್ಸಿಯೆಲ್ಲಾ ಸೋಂಕು ಒಟ್ಟು 18 ಜನರನ್ನು ಮುಟ್ಟಿತು. 11 ಮಂದಿ ತೀರಿಕೊಂಡರು, ಅವರಲ್ಲಿ ಆರು ಸಾವು ನೇರವಾಗಿ ಈ ಸೋಂಕಿನಿಂದ. ಹಣ, ಯಂತ್ರ, ತಜ್ಞರು ಯಾವುದಕ್ಕೂ ಕೊರತೆಯಿಲ್ಲದ ಜಾಗ ಅದು.

ಭಾರತದಲ್ಲಿ ಪ್ರಧಾನವಾದ ಜೀನುಗಳು

ಸೆಫಲೊಸ್ಪೊರಿನ್ ಬಗೆಯ ಔಷಧಗಳನ್ನು ಒಡೆಯುವ ಸಿಟಿಎಕ್ಸ್-ಎಂ-15 ಕಿಣ್ವವನ್ನು ಜಗತ್ತಿಗೆ ಮೊದಲು ವರದಿ ಮಾಡಿದ್ದು ನವದೆಹಲಿಯ ರೋಗಿಗಳ ಬ್ಯಾಕ್ಟೀರಿಯಗಳಿಂದ, 2001ರಲ್ಲಿ. ಇದರ ಮೂಲ ಕ್ಲುವೆರಾ ಎಂಬ ಬ್ಯಾಕ್ಟೀರಿಯದ ವರ್ಣತಂತು. ಈ ಕಿಣ್ವ ಹಬ್ಬಿದ ಮೇಲೆ ವೈದ್ಯರು ಮೆರೊಪೆನೆಮ್, ಇಮಿಪೆನೆಮ್‌ನಂಥ ಕಾರ್ಬಪೆನೆಮ್‌ಗಳನ್ನು ಹೆಚ್ಚು ಹೆಚ್ಚು ಬಳಸಬೇಕಾಯಿತು. ಅದಕ್ಕೂ ಉತ್ತರ ಹುಟ್ಟಿಕೊಂಡಿತು. ನವದೆಹಲಿಯ ಆಸ್ಪತ್ರೆಯಲ್ಲಿದ್ದು ಸ್ವೀಡನ್‌ಗೆ ಮರಳಿದ ರೋಗಿಯೊಬ್ಬರಲ್ಲಿ 2008ರಲ್ಲಿ ಸಿಕ್ಕ ಕ್ಲೆಬ್ಸಿಯೆಲ್ಲಾದಲ್ಲಿ ಎನ್‌ಡಿಎಂ-1 ಕಿಣ್ವ ಪತ್ತೆಯಾಯಿತು. ಅದೇ ರೋಗಿಯ ಇ. ಕೊಲೈನಲ್ಲೂ ಅದು ಇತ್ತು. 2010ರಲ್ಲಿ ಕಾರ್ತಿಕೇಯನ್ ಕುಮಾರಸ್ವಾಮಿ, ಟಿಮೊತಿ ವಾಲ್ಷ್ ಮತ್ತಿತರರು ಚೆನ್ನೈ, ಹರಿಯಾಣ ಮೊದಲಾದ ಕಡೆಯಿಂದ ಇದನ್ನು ವರದಿ ಮಾಡಿದಾಗ ರಾಜಧಾನಿಯ ಹೆಸರನ್ನು ಕಿಣ್ವಕ್ಕೆ ಇಟ್ಟದ್ದೇ ದೊಡ್ಡ ಜಗಳವಾಯಿತು. ಹೆಸರಿನ ಗದ್ದಲದಲ್ಲಿ ಮುಖ್ಯ ವಿಷಯ ಹಿಂದೆ ಬಿತ್ತು. ಮರುವರ್ಷ ವಾಲ್ಷ್ ತಂಡ ದೆಹಲಿಯ 171 ನಿಂತ ನೀರಿನ ಮಾದರಿಗಳ ಪೈಕಿ 51ರಲ್ಲಿ, 50 ಕುಡಿಯುವ ನೀರಿನ ಮಾದರಿಗಳ ಪೈಕಿ ಎರಡರಲ್ಲಿ ಈ ಜೀನನ್ನು ಕಂಡಿತು. ಆ ಹೊತ್ತಿಗೆ ಜೀನು ಆಸ್ಪತ್ರೆಯ ಗೋಡೆ ದಾಟಿ ಆಗಿತ್ತು.

ದಕ್ಷಿಣದಲ್ಲಿ ಓಎಕ್ಸ್‌ಎ-232 ಎಂಬ ಇನ್ನೊಂದು ಕಾರ್ಬಪೆನೆಮ್ ಭಂಜಕವೂ ಬಲವಾಗಿದೆ. ಇದು ಸುಮಾರು 6 ಸಾವಿರ ಬೇಸ್ ಜೋಡಿಗಳಷ್ಟೇ ಉದ್ದದ ಪುಟ್ಟ ಪ್ಲಾಸ್ಮಿಡ್ಡಿನಲ್ಲಿ ಇರುತ್ತದೆ; ಸ್ವಂತವಾಗಿ ದಾಟುವ ಸಲಕರಣೆ ಇದಕ್ಕಿಲ್ಲ, ದೊಡ್ಡ ಪ್ಲಾಸ್ಮಿಡ್‌ಗಳ ನೆರವು ಪಡೆಯುತ್ತದೆ. ಬೆಂಗಳೂರಿನ ಕೆಂಪೇಗೌಡ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಕೇಂದ್ರ ಸಂಶೋಧನಾ ಪ್ರಯೋಗಾಲಯ ಜೀನೋಮ್ ಆಧಾರಿತ ನಿಗಾ ಜಾಲವೊಂದರ ಭಾರತದ ನೆಲೆ. ಕೊಲಂಬಿಯಾ, ನೈಜೀರಿಯಾ, ಫಿಲಿಪ್ಪೀನ್ಸ್‌ಗಳ ಪ್ರಯೋಗಾಲಯಗಳು ಅದರ ಜೊತೆಗಿವೆ. ಭಾರತದ ಆಸ್ಪತ್ರೆಗಳ ಕ್ಲೆಬ್ಸಿಯೆಲ್ಲಾಗಳ ಜೀನೋಮ್ ಓದಿ ಈ ಪ್ರಯೋಗಾಲಯ 2021ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಎಸ್‌ಟಿ231, ಎಸ್‌ಟಿ147ರಂಥ ಕೆಲವೇ ವಂಶಗಳು ಎದ್ದು ಕಂಡವು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನಿಗಾ ಜಾಲದ ವರದಿಗಳಲ್ಲಿ ಇದರ ಫಲ ಕಾಣುತ್ತದೆ. 2017ರಲ್ಲಿ ಶೇ. 81ರಷ್ಟು ಇ. ಕೊಲೈಗಳು ಇಮಿಪೆನೆಮ್‌ಗೆ ಬಗ್ಗುತ್ತಿದ್ದವು. 2022ರಲ್ಲಿ ಅದು ಶೇ. 66ಕ್ಕೆ ಇಳಿಯಿತು. ಅಸಿನೆಟೊಬ್ಯಾಕ್ಟರ್‌ಗಳಲ್ಲಿ ಹತ್ತರಲ್ಲಿ ಎಂಟಕ್ಕೂ ಹೆಚ್ಚು ಕಾರ್ಬಪೆನೆಮ್ ನಿರೋಧಕ. ಈ ಅಂಕಿಗಳನ್ನು ಓದುವಾಗ ಒಂದು ಎಚ್ಚರ ಬೇಕು. ಜಾಲದಲ್ಲಿರುವವು ಹೆಚ್ಚಾಗಿ ದೊಡ್ಡ ಬೋಧನಾ ಆಸ್ಪತ್ರೆಗಳು. ಬೇರೆ ಕಡೆ ಔಷಧ ತಿಂದು ವಾಸಿಯಾಗದೆ ಬಂದವರೇ ಅಲ್ಲಿ ಹೆಚ್ಚು. ತಾಲ್ಲೂಕಿನ ಸಾಮಾನ್ಯ ಮೂತ್ರನಾಳ ಸೋಂಕಿಗೆ ಈ ಶೇಕಡಾವಾರನ್ನು ಹಾಗೆಯೇ ಅನ್ವಯಿಸಿ ಮೊದಲ ದಿನವೇ ಮೆರೊಪೆನೆಮ್ ಚುಚ್ಚಿದರೆ ಅಂಕಿಗಳು ತಾವೇ ನಿಜವಾಗುತ್ತವೆ.

ನವಜಾತ ಶಿಶುಗಳು

ದೆಹಲಿಯ ಮೂರು ದೊಡ್ಡ ಆಸ್ಪತ್ರೆಗಳಲ್ಲಿ 2011ರಿಂದ 2014ರ ನಡುವೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನ ಈ ವಿಷಯದಲ್ಲಿ ಭಾರತದ ಮುಖ್ಯ ಆಧಾರ. 88,636 ಜನನಗಳ ಪೈಕಿ ತೀವ್ರ ನಿಗಾ ಘಟಕ ಸೇರಿದ 13,530 ಶಿಶುಗಳನ್ನು ಅದು ಹಿಂಬಾಲಿಸಿತು. ನಂಜೇರಿದ ಮಕ್ಕಳು ಶೇ. 14ರಷ್ಟು. ಪಾಶ್ಚಾತ್ಯ ಪಠ್ಯಪುಸ್ತಕಗಳು ಹೇಳುವ ಬಿ ಗುಂಪಿನ ಸ್ಟ್ರೆಪ್ಟೊಕಾಕಸ್ ಇಲ್ಲಿ ಪ್ರಮುಖವಾಗಿರಲಿಲ್ಲ. ಅಸಿನೆಟೊಬ್ಯಾಕ್ಟರ್, ಕ್ಲೆಬ್ಸಿಯೆಲ್ಲಾ, ಇ. ಕೊಲೈ ಈ ಮೂರೇ ಅರ್ಧಕ್ಕಿಂತ ಹೆಚ್ಚು ಪಾಲು ಪಡೆದವು, ಅಸಿನೆಟೊಬ್ಯಾಕ್ಟರ್‌ಗಳಲ್ಲಿ ಶೇ. 82ರಷ್ಟು ಬಹುಔಷಧ ನಿರೋಧಕವಾಗಿದ್ದವು. ಹುಟ್ಟಿದ ಮೊದಲ ಮೂರು ದಿನಗಳ ಸೋಂಕಿನಲ್ಲೂ ಇವೇ ಕಂಡುಬಂದದ್ದು ಗಮನಿಸಬೇಕಾದ ಅಂಶ. ಹೊರಪ್ರಪಂಚದ ಬ್ಯಾಕ್ಟೀರಿಯದ ಪರಿಚಯವೇ ಆಗದ ಕರುಳಿಗೆ ಹೆರಿಗೆ ಕೋಣೆಯ ಬ್ಯಾಕ್ಟೀರಿಯವೇ ಮೊದಲ ನಿವಾಸಿ.

ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಸೀಮೆಯ ತೂಕ ಕಡಿಮೆಯ ಕೂಸುಗಳಿಗೆ ಜಿಲ್ಲಾಮಟ್ಟದ ವಿಶೇಷ ನವಜಾತ ಶಿಶು ಘಟಕಗಳೇ ಗತಿ; ಅವು ಬಂದ ಮೇಲೆ ಉಳಿದ ಜೀವಗಳು ಬಹಳ. ಆದರೆ ಒಬ್ಬ ದಾದಿಗೆ ಹಲವು ಶಿಶುಗಳಾದಾಗ, ಒಂದೇ ವಾರ್ಮರ್‌ನಲ್ಲಿ ಇಬ್ಬರನ್ನು ಮಲಗಿಸಬೇಕಾದಾಗ, ಕೈತೊಳೆಯುವ ನಿಯಮ ಗೋಡೆಯ ಮೇಲೆ ಉಳಿಯುತ್ತದೆ. ಇದನ್ನು ದಾದಿಯರ ಅಸಡ್ಡೆ ಎನ್ನುವುದು ಸುಲಭ, ತಪ್ಪು.

ಊರು, ಅಂಗಡಿ, ಹಟ್ಟಿ

ನೆಗಡಿ ಜ್ವರಕ್ಕೂ ಸೂಜಿ ಮಾಡಿಸಿಕೊಂಡು, ಸಲಾಯಿನ್ ಹಚ್ಚಿಸಿಕೊಂಡು ಬಂದರೇ ಸಮಾಧಾನ ಎಂಬುದು ಈ ಭಾಗದಲ್ಲಿ ಬೇರೂರಿದ ನಂಬಿಕೆ. ಕೂಲಿ ತಪ್ಪಿಸಿಕೊಳ್ಳಲಾಗದವರಿಗೆ ಒಂದೇ ದಿನದಲ್ಲಿ ಏಳುವುದು ಬೇಕು. ಅಂಗಡಿಯಲ್ಲಿ ಚೀಟಿಯಿಲ್ಲದೆ ಗುಳಿಗೆ ಸಿಗುತ್ತದೆ. ಭಾರತದಲ್ಲಿ ಅತಿ ಹೆಚ್ಚು ಬಳಕೆಯಾಗುವ ಪ್ರತಿಜೀವಕ ಗುಳಿಗೆ ಅಜಿಥ್ರೊಮೈಸಿನ್ 500 ಎಂದು 2019ರ ಮಾರಾಟದ ಲೆಕ್ಕ ತೋರಿಸಿತ್ತು. ಚೀಟಿಯಿಲ್ಲದ ಮಾರಾಟವನ್ನು ತಡೆಯಲೆಂದೇ 2014ರ ಮಾರ್ಚ್ 1ರಿಂದ ಶೆಡ್ಯೂಲ್ ಎಚ್1 ಜಾರಿಗೆ ಬಂತು. ಅದರಲ್ಲಿ ಹೆಸರಿಸಿದ 46 ಔಷಧಗಳಿಗೆ ವೈದ್ಯರ ಮತ್ತು ರೋಗಿಯ ಹೆಸರು ಬರೆದ ಪುಸ್ತಕವನ್ನು ಅಂಗಡಿಯವರು ಮೂರು ವರ್ಷ ಕಾಯ್ದಿಡಬೇಕು. ಪಟ್ಟಿಯಲ್ಲಿ ಕಾರ್ಬಪೆನೆಮ್‌ಗಳು, ಮೂರನೇ ಪೀಳಿಗೆಯ ಸೆಫಲೊಸ್ಪೊರಿನ್‌ಗಳಿವೆ.

ಕುರಿ, ಕೋಳಿ, ದನಗಳಿಗೆ ಕೊಡುವ ಪ್ರತಿಜೀವಕವೂ ಗೊಬ್ಬರದ ಮೂಲಕ ಹೊಲಕ್ಕೆ ಇಳಿಯುತ್ತದೆ. ಕೊನೆಯ ಅಸ್ತ್ರವೆಂದು ಉಳಿಸಿಕೊಂಡಿದ್ದ ಕೊಲಿಸ್ಟಿನ್‌ಗೆ ಜಗ್ಗದ ಎಂಸಿಆರ್-1 ಜೀನು ಪ್ಲಾಸ್ಮಿಡ್ಡಿನಲ್ಲಿ ಸಾಗುವುದು ಚೀನಾದ ಹಂದಿಗಳಿಂದ 2015ರಲ್ಲಿ ಗೊತ್ತಾಯಿತು. ಭಾರತ 2019ರ ಜುಲೈನಲ್ಲಿ ಆಹಾರಕ್ಕೆ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ಕೊಡುವುದನ್ನು ನಿಷೇಧಿಸಿತು. ನಮ್ಮ ಆಸ್ಪತ್ರೆಗಳ ಕ್ಲೆಬ್ಸಿಯೆಲ್ಲಾಗಳಲ್ಲಿ ಕೊಲಿಸ್ಟಿನ್ ನಿರೋಧ ಬರುವುದು ಹೆಚ್ಚಾಗಿ ಎಂಜಿಆರ್‌ಬಿ ಎಂಬ ಸ್ವಂತ ಜೀನು ಕೆಡುವುದರಿಂದ; ನಿಷೇಧ ಸರಿಯಾದದ್ದೇ, ಅದರಿಂದ ವಾರ್ಡಿನ ಸಮಸ್ಯೆ ತೀರದು. ಔಷಧ ಕಾರ್ಖಾನೆಗಳ ತ್ಯಾಜ್ಯದ ವಿಚಾರಕ್ಕೆ ಹೈದರಾಬಾದ್ ಬಳಿಯ ಪಟಾಂಚೆರು ಜಗತ್ಪ್ರಸಿದ್ಧ. ಅಲ್ಲಿನ ಸಂಸ್ಕರಿತ ನೀರಿನಲ್ಲಿ ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಾಸಿನ್ ಇದ್ದುದನ್ನು ಜೋಕಿಮ್ ಲಾರ್ಸನ್ ತಂಡ 2007ರಲ್ಲಿ ವರದಿ ಮಾಡಿತು.

ಪತ್ತೆ ಮತ್ತು ತಡೆ

ರಕ್ತದ ಕಲ್ಚರ್ ಮಾಡಿ ಯಾವ ಔಷಧ ನಾಟುತ್ತದೆ ಎಂದು ತಿಳಿಯಲು ಎರಡು ಮೂರು ದಿನ ಬೇಕು. ನಂಜೇರಿದವರಿಗೆ ಅಷ್ಟು ಸಮಯವಿರುವುದಿಲ್ಲ. ಪಿಸಿಆರ್ ಆಧಾರಿತ ಪರೀಕ್ಷೆಗಳು ಎನ್‌ಡಿಎಂ, ಓಎಕ್ಸ್‌ಎ-48 ಬಗೆಯ ಜೀನುಗಳನ್ನು ಗಂಟೆಯೊಳಗೆ ಹೇಳುತ್ತವೆ. ಯಾವ ಜೀನು ಎಂದು ತಿಳಿದರೆ ಚಿಕಿತ್ಸೆಯೂ ಬದಲಾಗುತ್ತದೆ. ಎನ್‌ಡಿಎಂ ಕಿಣ್ವ ಅಜ್ಟ್ರಿಯೊನಾಮ್ ಔಷಧವನ್ನು ಒಡೆಯಲಾರದು, ಆದರೆ ಜೊತೆಗಿರುವ ಸಿಟಿಎಕ್ಸ್-ಎಂ-15 ಒಡೆಯುತ್ತದೆ. ಅದನ್ನು ಅವಿಬ್ಯಾಕ್ಟಮ್‌ನಿಂದ ತಡೆದು ಅಜ್ಟ್ರಿಯೊನಾಮ್ ಕೊಡುವ ಜೋಡಿ ಈಗ ಬಳಕೆಯಲ್ಲಿದೆ, ದುಬಾರಿಯಾಗಿದೆ.

ಪ್ರತಿಜೀವಕ ನಿರೋಧದ ತಡೆಗೆ ಕೇರಳ 2018ರಲ್ಲೇ ತನ್ನದೇ ಕ್ರಿಯಾ ಯೋಜನೆ ಮಾಡಿತು. 2024ರಲ್ಲಿ ಆಪರೇಷನ್ ಅಮೃತ್ ಹೆಸರಿನಲ್ಲಿ ಚೀಟಿಯಿಲ್ಲದ ಮಾರಾಟದ ಮೇಲೆ ದಾಳಿ ಆರಂಭಿಸಿತು. ಕಾಸರಗೋಡಿನ ಕನ್ನಡಿಗರು ದೊಡ್ಡ ಕಾಯಿಲೆಗೆ ಮಂಗಳೂರಿಗೆ ಬರುತ್ತಾರೆ, ಚಿಕ್ಕದಕ್ಕೆ ತಮ್ಮೂರಿನಲ್ಲೇ ಇರುತ್ತಾರೆ. ಕಾನೂನಿನ ಬಿಗಿ ತಲಪಾಡಿಯ ಗಡಿಯಲ್ಲಿ ಬದಲಾದರೂ ಕರುಳಿನ ಬ್ಯಾಕ್ಟೀರಿಯ ಬದಲಾಗುವುದಿಲ್ಲ. ಒಂದು ರಾಜ್ಯ ತನ್ನ ಅಂಗಡಿಗಳನ್ನು ಮಾತ್ರ ಬಿಗಿ ಮಾಡಿ ಗೆಲ್ಲುವ ಆಟ ಇದಲ್ಲ.

ಜೀನು ಹೊತ್ತವರು ಎಷ್ಟು ದಿನ ಹೊರುತ್ತಾರೆ ಎಂಬುದಕ್ಕೆ ಡಚ್ ಪ್ರವಾಸಿಗರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನ ಉತ್ತರ ಕೊಡುತ್ತದೆ. ದಕ್ಷಿಣ ಏಷ್ಯಾಕ್ಕೆ ಬಂದು ಹೋದವರಲ್ಲಿ ನಾಲ್ಕರಲ್ಲಿ ಮೂರು ಜನ ಸೆಫಲೊಸ್ಪೊರಿನ್ ನಿರೋಧಕ ಬ್ಯಾಕ್ಟೀರಿಯವನ್ನು ಕರುಳಿನಲ್ಲಿ ಹೊತ್ತೊಯ್ದಿದ್ದರು. ಎಲ್ಲ ದೇಶಗಳಿಂದ ಹೀಗೆ ಹೊತ್ತೊಯ್ದವರಲ್ಲಿ ಅರ್ಧದಷ್ಟು ಜನ ಒಂದು ತಿಂಗಳಲ್ಲಿ ಅದನ್ನು ಕಳೆದುಕೊಂಡರು, ಸುಮಾರು ಶೇ. 11 ಜನರಲ್ಲಿ ವರ್ಷದ ಮೇಲೂ ಇತ್ತು, ಮನೆಯವರಿಗೂ ಕೆಲವರಿಂದ ದಾಟಿತು. ಅವರೆಲ್ಲ ಬಹುಪಾಲು ಆರೋಗ್ಯವಂತರು. ನೆದರ್ಲೆಂಡ್ಸ್‌ನಲ್ಲಿ ಹೊರದೇಶದ ಆಸ್ಪತ್ರೆಯಿಂದ ಬಂದ ರೋಗಿಯನ್ನು ಮಲದ್ವಾರದ ಸ್ವಾಬ್ ಪರೀಕ್ಷೆಯ ಫಲಿತಾಂಶ ಬರುವವರೆಗೆ ಪ್ರತ್ಯೇಕ ಕೋಣೆಯಲ್ಲಿ ಇಡುತ್ತಾರೆ. ಬಳ್ಳಾರಿ ಕಡೆಯ ವಾರ್ಡುಗಳ ಒತ್ತಡದಲ್ಲಿ ಪ್ರತ್ಯೇಕ ಕೋಣೆ ದೊಡ್ಡ ಮಾತು. ಆದರೆ ಈ ರೋಗಿಯ ಕಲ್ಚರ್‌ನಲ್ಲಿ ಇಂಥ ನಿರೋಧ ಕಂಡಿದೆ ಎಂಬ ಒಂದು ಸಾಲನ್ನು ಬಿಡುಗಡೆ ಚೀಟಿಯಲ್ಲಿ ಬರೆದರೆ, ಆರು ತಿಂಗಳ ಮೇಲೆ ಮತ್ತೆ ಜ್ವರ ಬಂದು ಅದೇ ರೋಗಿ ತಾಲ್ಲೂಕು ಆಸ್ಪತ್ರೆಯ ಬಾಗಿಲಿಗೆ ಬಂದಾಗ ಅಲ್ಲಿನ ವೈದ್ಯರು ಮೊದಲ ಇಂಜೆಕ್ಷನ್ ಯಾವುದೆಂದು ಊಹಿಸಿ ಕುಳಿತುಕೊಳ್ಳಬೇಕಿಲ್ಲ; ಆ ಸಾಲು ಬರೆಯಲು ಹೊಸ ಯಂತ್ರವಾಗಲಿ ಅನುದಾನವಾಗಲಿ ಬೇಡ.